ಕತ್ತರಿ ಕೊಕ್ಕಿನ ಕೋಳಿ

ನಮ್ಮ ಮನೆಯಲ್ಲಿ ಕೋಳಿ ಸಾಕಿದ್ದೆವು ಎಂದರೆ ನನ್ನ ತವರಿನವರು ಈಗಲೂ ನಂಬುವುದಿಲ್ಲ. ಮಹಾರಾಷ್ಟ್ರದ ಗಡಿಯೊಳಗಿನ ಕಾಸಾರಶಿರಸಿಯ ಬಜಾರಿನಲ್ಲಿ ನಮ್ಮದು ಅರಿವೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಗೋಡೆ ಕಟ್ಟಿದ ಸಣ್ಣ ಹಿತ್ತಲು. ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ತನಕ ನಾನು ಒಲೆ ಹಚ್ಚುವಂತಿರಲಿಲ್ಲ. ತತ್ತಿ ಎಂಬ ಶಬ್ದವನ್ನು ಆಕೆ ಬಾಯಿಂದ ಆಡುತ್ತಿರಲಿಲ್ಲ. ಆಡಲೇಬೇಕಾಗಿ ಬಂದರೆ ‘ಅದು’ ಎನ್ನುತ್ತಿದ್ದರು. ಅಂಥ ಮನೆಗೆ ಕೋಳಿ ಬಂದದ್ದು ನನ್ನ ಗಂಡನಿಂದ.

ಅವರದು ಮಾತಿನ ಮೇಲೆ ನಡೆದ ವ್ಯಾಪಾರ. ಉಮರ್ಗಾ ಕಡೆಯ ಗಿರಾಕಿ ಬಂದರೆ ಮರಾಠಿ, ಸುತ್ತಲಿನ ಹಳ್ಳಿಯವರಿಗೆ ಕನ್ನಡ, ಹಿಂದಿನ ಓಣಿಯ ಮುಸ್ಲಿಂ ಹೆಂಗಸರಿಗೆ ಉರ್ದು. ಸೀರೆ ಕೊಳ್ಳಲು ಬಂದವಳ ಅತ್ತೆಯನ್ನೂ ನಗಿಸಿ, ಆಕೆಗೂ ಒಂದು ಸೀರೆ ಕಟ್ಟಿ ಕಳಿಸುವವರು. ಎಡದವಡೆಯಲ್ಲಿ ಮಾತ್ರ ಯಾವಾಗಲೂ ಗುಟ್ಕಾ. ಸರಕಾರ ಬಂದ್ ಮಾಡಿದೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು, ನಮ್ಮ ಅಂಗಡಿಯ ಎದುರಿನ ಪಾನ್ ಡಬ್ಬಿಯಲ್ಲಿ ಸರ ಸರವಾಗಿ ತೂಗುತ್ತಿತ್ತು. ನಾನು ಜಗಳಾಡುತ್ತಿದ್ದೆ. ಅವರು ಕೆನ್ನೆ ಉಬ್ಬಿಸಿಕೊಂಡೇ ನಗುತ್ತಿದ್ದರು.

ಮೊದಲು ಖಾರ ತಾಳದಾಯಿತು. ಆಮೇಲೆ ಬಾಯಿ ಚಿಕ್ಕದಾಗುತ್ತ ಬಂತು. ಜೋಳದ ರೊಟ್ಟಿ ಮುರಿದು ಪಲ್ಯ ಹಿಡಿದರೆ ತುತ್ತು ಒಳಗೆ ಹೋಗಲೊಲ್ಲದು. ಒಂದು ದಿನ ಊಟದ ನಡುವೆ ತಮ್ಮ ಬೆರಳನ್ನು ಹಲ್ಲಿನ ನಡುವೆ ಇಟ್ಟು ಅಳತೆ ಮಾಡುತ್ತ ಕೂತದ್ದು ನೋಡಿದೆ. ಅರಿವೆ ಅಳೆಯುವವರ ಅಭ್ಯಾಸ. ಒಳಗಿನ ಹುಣ್ಣಿಗೆ ನಿಲಂಗಾದಲ್ಲಿ ಮುಲಾಮು ಕೊಟ್ಟರು, ಅದು ಮಾಯಲಿಲ್ಲ. ಸೊಲ್ಲಾಪುರದ ದೊಡ್ಡ ದವಾಖಾನೆಗೆ ಹೋದಾಗ ರೋಗದ ಹೆಸರು ಗೊತ್ತಾಯಿತು. ಎಡಗಡೆಯ ದವಡೆ ಮೂಳೆ ತೆಗೆದರು. ಎದೆಯ ಮಾಂಸ ಮೇಲೆ ಎಳೆದು ಕೆನ್ನೆಗೆ ಹಚ್ಚಿ ಹೊಲಿದರು. ಪಟ್ಟಿ ಬಿಚ್ಚಿದ ದಿನ ನರ್ಸ್ ಕನ್ನಡಿ ಕೊಡಲಿಲ್ಲ. ಮೊಬೈಲಿನ ಕ್ಯಾಮರಾ ತಿರುಗಿಸಿ ಅವರೇ ನೋಡಿಕೊಂಡರು. ನೋಡಿ, ಮೊಬೈಲನ್ನು ಬೋರಲು ಹಾಕಿ ಮಲಗಿದರು.

ಬಿಡುವಾಗ ಡಾಕ್ಟರ್, ಇವರಿಗೆ ಶಕ್ತಿ ಬೇಕು, ತತ್ತಿ ಕೊಡಿ, ದಿನಾ ಕೊಡಿ ಎಂದು ಮರಾಠಿಯಲ್ಲಿ ಹೇಳಿದರು. ಅತ್ತೆ ಸೆರಗು ಬಿಗಿದುಕೊಂಡು ಕೇಳಿಸಿಕೊಂಡರು. ಬಸ್ಸು ಸೊಲ್ಲಾಪುರ ದಾಟಿದ ಮೇಲೆ ನನ್ನ ಕಡೆ ವಾಲಿ ಹೇಳಿದರು:

“ಬ್ಯಾಳಿ ಕಟ್ಟು ಕೊಡು, ಹಾಲ ಕೊಡು, ಬೆಣ್ಣಿ ಕೊಡು. ಲಿಂಗ ಕಟ್ಟಿದ ಕೊರಳಾಗ ಅದು ಇಳಿಯಂಗಿಲ್ಲ.”

ಅವರು ಕಿಟಕಿಯ ಕಡೆ ಕೂತಿದ್ದರು. ಅವರಿಗೆ ಆಗಿನ್ನೂ ಮಾತಾಡಲು ಬರುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಅವರು ಅಂಗಡಿಗೆ ಕಾಲಿಡಲಿಲ್ಲ. ನೆರೆಮನೆಯಲ್ಲೇ ಇದ್ದ ಮೈದುನ ಅಂಗಡಿ ನೋಡಿಕೊಳ್ಳತೊಡಗಿದ. ಅವರ ಬಾಯಿಯ ಒಂದು ಮೂಲೆ ಮುಚ್ಚುತ್ತಿರಲಿಲ್ಲ, ಜೊಲ್ಲು ಇಳಿಯುತ್ತಿತ್ತು. ಹೆಗಲ ಮೇಲೆ ಒಂದು ಟವೆಲ್ಲು ಖಾಯಂ ಆಯಿತು. ಮಾತು ಬರುತ್ತಿತ್ತು, ಆದರೆ ಅಕ್ಷರಗಳ ಅಂಚು ಹೋಗಿತ್ತು. ನನಗೆ ಮತ್ತು ಅತ್ತೆಗೆ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಯಾರಾದರೂ ‘ಆಂ?’ ಎಂದು ಕೇಳಿದರೆ ಎರಡನೆಯ ಸಲ ಹೇಳುತ್ತಿರಲಿಲ್ಲ.

ಊಟವೇ ಎಲ್ಲಕ್ಕಿಂತ ಕಷ್ಟ. ಜೋಳದ ನುಚ್ಚು ಮೆತ್ತಗೆ ಕುದಿಸಿ, ಮಿಕ್ಸರಿಗೆ ಹಾಕಿ, ಮಜ್ಜಿಗೆ ಬೆರೆಸಿ ಕೊಡುತ್ತಿದ್ದೆ. ಬಟ್ಟಲು ತೆಗೆದುಕೊಂಡು ಅವರು ಕೋಣೆಗೆ ಹೋಗಿ ಬಾಗಿಲು ಹಾಕುತ್ತಿದ್ದರು. ಅರ್ಧ ಹೊರಗೆ ಚೆಲ್ಲುತ್ತದೆ, ಅದನ್ನು ಯಾರೂ ನೋಡಬಾರದು. ನಾನು ಸಹ ನೋಡಬಾರದು. ಮದುವೆಯಾದಾಗಿನಿಂದ ಒಂದೇ ತಾಟಿನ ಎದುರುಬದುರು ಕೂತು ಉಂಡವರು ನಾವು. ಮಕ್ಕಳಿಲ್ಲದ ಮನೆಯಲ್ಲಿ ಊಟದ ಹೊತ್ತೇ ನಮ್ಮ ಮಾತಿನ ಹೊತ್ತಾಗಿತ್ತು. ಈಗ ನಾನು ಮುಚ್ಚಿದ ಬಾಗಿಲಿನ ಹೊರಗೆ ನೆಲ ಒರೆಸುವ ಅರಿವೆ ಹಿಡಿದುಕೊಂಡು ಕೂಡುತ್ತಿದ್ದೆ.

ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ಅವರು ಹಿತ್ತಲ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತ ಕೂಡುತ್ತಿದ್ದರು. ಹಿತ್ತಲ ಗೋಡೆಯ ಆಚೆ ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸಿನ ಮನೆ. ಆಕೆ ಕೋಳಿ ಸಾಕಿ ತತ್ತಿ ಮಾರುತ್ತಿದ್ದಳು. ಗೋಡೆ ಎದೆಮಟ್ಟದ್ದು, ಅತ್ತೆ ಇಲ್ಲದ ಹೊತ್ತಿನಲ್ಲಿ ನಾವಿಬ್ಬರೂ ಗೋಡೆಗೆ ಆತು ಮಾತಾಡುತ್ತಿದ್ದೆವು. ನನ್ನನ್ನು ಆಕೆ ಮರಾಠಿಯವರ ಹಾಗೆ ‘ಬಾಯಿ’ ಎಂದು ಕರೆಯುತ್ತಿದ್ದಳು. ಆ ದಿನ ಆಕೆ ಅಂಗೈಯಲ್ಲಿ ಒಂದು ಮರಿ ಹಿಡಿದು ತೋರಿಸಿದಳು.

“ಇದರ ಚೋಂಚ್ ನೋಡ್ರಿ ಬಾಯಿ. ಮ್ಯಾಲಿಂದು ಒಂದ ಕಡಿಗಿ, ಕೆಳಗಿಂದು ಒಂದ ಕಡಿಗಿ. ಕಾಳ ಹಿಡೀಲಿಕ್ಕೇ ಬರಂಗಿಲ್ಲ ಇದಕ್ಕ.”

ನೋಡಿದೆ. ಕೆಟ್ಟುಹೋದ ಕತ್ತರಿಯ ಎರಡು ಅಲಗುಗಳ ಹಾಗೆ ಕೊಕ್ಕು ಒಂದರ ಮೇಲೊಂದು ಅಡ್ಡ ಹಾಯ್ದಿತ್ತು. ಅದರ ಒಡಹುಟ್ಟುಗಳು ರೆಕ್ಕೆ ಬಲಿತು ಅಂಗಳದ ತುಂಬ ಓಡುತ್ತಿದ್ದವು. ಇದು ಅವುಗಳ ಅರ್ಧದಷ್ಟೂ ಇರಲಿಲ್ಲ. ಎದೆಯ ಮೂಳೆ ಚೂಪಾಗಿ ಎದ್ದು ಕಾಣುತ್ತಿತ್ತು.

“ಮುಂದೇನ ಮಾಡ್ತೀರಿ ಇದನ್ನ?” ಎಂದು ಕೇಳಿದೆ.

“ಮಾಡೋದೇನದ? ಹಸದು ಸಾಯ್ತದ, ಇಲ್ಲಾಂದ್ರ ಬೆಕ್ಕ ಒಯ್ತದ. ಇಂಥದ್ದು ಯಾರೂ ತಗೊಳ್ಳಂಗಿಲ್ಲ, ಕೊಯ್ಯಲಿಕ್ಕೂ ಮಾಂಸ ಇಲ್ಲ.”

ನನ್ನ ಹಿಂದೆ ಗಂಡ ಯಾವಾಗ ಎದ್ದು ಬಂದರೋ ತಿಳಿಯಲಿಲ್ಲ. ಗೋಡೆಯ ಮೇಲಿಂದ ಕೈ ಚಾಚಿದರು. ಆಕೆ ಗಾಬರಿಯಾಗಿ ನನ್ನ ಮುಖ ನೋಡಿದಳು. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ. ಆಕೆ ಮರಿಯನ್ನು ಆ ಕೈಯಲ್ಲಿಟ್ಟಳು.

ಅತ್ತೆ ಮಠದಿಂದ ಬರುವಾಗ ಮರಿ ಸೀರೆಯ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಕಿಚಿಗುಡುತ್ತಿತ್ತು.

“ಏನದು?”

“ಕೋಳಿಮರಿ, ಅತ್ತಿ.”

“ಯಾರದು?”

“ನಮ್ಮದು,” ಎಂದರು ಅವರು. ಆ ಶಬ್ದ ಮಾತ್ರ ಸ್ಪಷ್ಟವಾಗಿ ಬಂತು.

ಅತ್ತೆ ಕೈಯಲ್ಲಿದ್ದ ತೆಂಗಿನಕಾಯಿ ಹೋಳು ಕೆಳಗಿಡಲೂ ಮರೆತು ನಿಂತರು. “ಬುದ್ಧಿ ನೆಟ್ಟಗದ ಏನು ನಿಂದು? ಅಯ್ಯನೋರು ಬಂದು ಹೋಗೋ ಮನಿ ಇದು. ಮಂದಿ ಏನಂತಾರ? ಇವತ್ತ ಕೋಳಿ ಕಟ್ಯಾರ, ನಾಳಿಗಿ ಕೊಯ್ತಾರ ಅಂತಾರ.”

“ಇರಲಿ ಅವ್ವಾ.”

ದವಾಖಾನೆಯಿಂದ ಬಂದ ಮೇಲೆ ಇದು ಬೇಕು, ಅದು ಬೇಕು ಎಂದು ಅವರು ಬಾಯಿಬಿಟ್ಟು ಕೇಳಿದ್ದೇ ಇರಲಿಲ್ಲ. ಅದು ಅತ್ತೆಗೂ ಗೊತ್ತಿತ್ತು. ಕಾಯಿ ಹೋಳನ್ನು ಒಳಗೆ ಒಯ್ದಿಟ್ಟು ಅಲ್ಲಿಂದಲೇ ಕೂಗಿದರು: “ಅಡಗಿಮನಿ ಹೊಸ್ತಿಲ ದಾಟಬಾರದು. ದೇವರ ಜಗಲಿ ಕಡಿಗಿ ಸುಳೀಬಾರದು. ಅದರ ಎಂಜಲ ಭಾಂಡಿ ನಾ ಮುಟ್ಟಂಗಿಲ್ಲ.”

ಅಲ್ಲಿಂದ ಅವರ ದಿನಗಳಿಗೆ ಒಂದು ಕೆಲಸ ಸಿಕ್ಕಿತು. ಒಣ ಕಾಳು ಅದಕ್ಕೆ ಬಾರದು. ಅಗಲವಾದ ತಾಟಿನಲ್ಲಿ ಹಾಕಿದರೆ ಕೊಕ್ಕು ತಾಟಿಗೆ ಉಜ್ಜುತ್ತದೆಯೇ ಹೊರತು ಏನೂ ಹತ್ತುವುದಿಲ್ಲ. ಜೋಳದ ಹಿಟ್ಟು, ಗೋಧಿ ತೌಡು, ಶೇಂಗಾ ಹಿಂಡಿ ನೆನೆಸಿ, ನೀರೂ ಆಗದಂತೆ ಮುದ್ದೆಯೂ ಆಗದಂತೆ ಕಲಸಿ, ಆಳವಾದ ಬಟ್ಟಲಿನಲ್ಲಿ ಅದುಮಿ ಇಡಬೇಕು. ಅದು ಮುಖವನ್ನು ಕಣ್ಣಿನ ತನಕ ಒಳಗೆ ಹುಗಿದು, ಕೆಳಗಿನ ಕೊಕ್ಕಿನಿಂದ ಗೋರಿ, ತಲೆ ಮೇಲೆತ್ತಿ ಗುಟುಕರಿಸುತ್ತಿತ್ತು. ಹತ್ತಿದ್ದರಲ್ಲಿ ಸ್ವಲ್ಪ ಒಳಗೆ, ಉಳಿದದ್ದು ಎದೆಯ ಮೇಲೆ. ಒಂದು ಬಟ್ಟಲು ಮುಗಿಸಲು ಅರ್ಧ ಮುಂಜಾನೆ ಬೇಕು. ತಿಂದ ಮೇಲೆ ಅವರು ಟವೆಲ್ಲಿನ ತುದಿ ನೀರಿನಲ್ಲಿ ಅದ್ದಿ ಅದರ ಮುಖ ಒರೆಸುತ್ತಿದ್ದರು. ಒರೆಸದಿದ್ದರೆ ಹಿಟ್ಟು ಒಣಗಿ ಮೂಗು ಮುಚ್ಚುತ್ತಿತ್ತು. ಕೊರಳ ಕೆಳಗಿನ ಚೀಲವನ್ನು ಮೆಲ್ಲಗೆ ಹಿಚುಕಿ, ತುಂಬಿದೆಯೋ ಇಲ್ಲವೋ ನೋಡುತ್ತಿದ್ದರು. ಬೇರೆ ಕೋಳಿಗಳ ಹಾಗೆ ಕೊಕ್ಕಿನಿಂದ ಗರಿ ತೀಡಿಕೊಳ್ಳಲು ಅದಕ್ಕೆ ಬರುತ್ತಿರಲಿಲ್ಲ, ಹೇನು ಬೀಳುತ್ತಿತ್ತು. ಗೋಡೆಯಾಚೆಯ ಹೆಂಗಸು ಹೇಳಿಕೊಟ್ಟಂತೆ ಒಲೆಯ ಬೂದಿ ಜರಡಿ ಹಿಡಿದು ರೆಕ್ಕೆಯ ಅಡಿಗೆ ತಿಕ್ಕುತ್ತಿದ್ದರು.

ಒಂದು ಮುಂಜಾನೆ ನಾನು ಅಡಿಗೆಮನೆಯ ಕಿಟಕಿಯಿಂದ ಹಿತ್ತಲ ಕಡೆ ನೋಡಿದೆ. ಅವರು ಮೆಟ್ಟಿಲ ಮೇಲೆ ಕೂತಿದ್ದರು. ಕೋಳಿಯ ಬಟ್ಟಲು ಕೆಳಗಿನ ಮೆಟ್ಟಿಲಿನಲ್ಲಿ, ಅವರ ಬಟ್ಟಲು ಮಡಿಲಲ್ಲಿ. ಅದು ಒಮ್ಮೆ ತಲೆ ಹುಗಿದು ಎತ್ತುತ್ತಿತ್ತು, ಅವರು ಒಂದು ಚಮಚ ಬಾಯಿಗೆ ಹಾಕಿ, ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದು ನುಂಗುತ್ತಿದ್ದರು. ಗದ್ದದಿಂದ ನುಚ್ಚು ಇಳಿಯುತ್ತಿತ್ತು. ಅವಸರವಿರಲಿಲ್ಲ. ಮೇಲೆ ಆಕಾಶ, ಗೋಡೆಯಾಚೆ ಮಂದಿಯ ಓಡಾಟ, ಬಾಗಿಲು ತೆರೆದಿತ್ತು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ನನ್ನ ಮುಂದೆ ಉಣ್ಣಲೊಲ್ಲದ ಮನುಷ್ಯ ಕೋಳಿಯ ಮುಂದೆ ಉಣ್ಣುತ್ತಿದ್ದಾನಲ್ಲ ಅನ್ನಿಸಿತು. ನಾನು ಕಿಟಕಿಯಿಂದ ಸರಿದು ನಿಂತೆ, ನೋಡಿದೆನೆಂದು ತಿಳಿದರೆ ಮತ್ತೆ ಕೋಣೆಗೆ ಹೋದಾರು ಎಂದು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಅದು ದೊಡ್ಡ ಕೋಳಿಯಾಗಿತ್ತು, ಕಂದು ಮೈ, ಕೊರಳಿಗೆ ಕರಿ ಗೆರೆ. ಆದರೆ ಬೆಳೆದಷ್ಟೂ ಕೊಕ್ಕು ಹೆಚ್ಚು ಸೊಟ್ಟಾಗುತ್ತಿತ್ತು. ಕಲ್ಲಿಗೆ ತಿಕ್ಕಿ ಸವೆಸಲು ಬರದ್ದರಿಂದ ಮೇಲಿನ ಕೊಕ್ಕು ಕೊಂಡಿಯಂತೆ ಬೆಳೆದು ಕೆನ್ನೆಗೆ ಚುಚ್ಚತೊಡಗಿತು. ಅವರು ಉಗುರು ಕತ್ತರಿಯಿಂದ ತುದಿ ಕತ್ತರಿಸಲು ಹೋದರು, ರಕ್ತ ಚಿಮ್ಮಿತು. ನಾನು ಅರಿಷಿಣ ಒತ್ತಿದೆ. ಅವರು ಕೋಳಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ನಾನು ಅದನ್ನು ಮೊದಲು ಮುಟ್ಟಿದ್ದು ಆಗಲೇ. ಅಷ್ಟು ಬಿಸಿ ಇರುತ್ತದೆಂದು ಗೊತ್ತಿರಲಿಲ್ಲ.

ಮರುದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟವೆಲ್ಲನ್ನು ಮೂಗಿನ ಕೆಳಗಿನಿಂದ ಬಿಗಿದು ಕಟ್ಟಿಕೊಂಡು, ಉದಗೀರಕ್ಕೆ ಹೋಗೋಣ ಅಂದರು. ಅಲ್ಲಿ ದನದ ದೊಡ್ಡ ದವಾಖಾನೆ ಇದೆ ಎಂದು ಯಾರೋ ಹೇಳಿದ್ದರಂತೆ. ಸೊಲ್ಲಾಪುರದಿಂದ ಬಂದ ಮೇಲೆ ಅವರು ಬಜಾರಿನ ಹಾದಿ ತುಳಿದಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, “ಕೋಳಿ ಸಲುವಾಗಿ ಉದಗೀರ!” ಅಂದರು. ಆದರೂ ನಮ್ಮ ಚೀಲಕ್ಕೆ ನೀರಿನ ಬಾಟಲಿ ಹಾಕಿದ್ದು ಅವರೇ.

ಅಂಗಡಿಯ ಕೈಚೀಲದಲ್ಲಿ ಕೋಳಿಯನ್ನು ಕೂಡಿಸಿ ತಲೆ ಹೊರಗೆ ಬಿಟ್ಟಿದ್ದೆವು. ನಿಲಂಗಾದಲ್ಲಿ ಬಸ್ಸು ಬದಲಿಸಿದೆವು. ಬಸ್ಸಿನ ಮಂದಿಯೆಲ್ಲ ಕೋಳಿಯನ್ನೇ ನೋಡಿದರು. ಇದೇನಾಯಿತು, ಹುಟ್ಟಾ ಹೀಗೇನಾ, ಹೇಗೆ ತಿನ್ನುತ್ತದೆ ಎಂದು ಕೇಳಿದರು. ಟವೆಲ್ಲಿನ ಕಡೆ ಯಾರೂ ನೋಡಲಿಲ್ಲ. ಉತ್ತರ ಹೇಳಿ ಹೇಳಿ ನನಗೆ ಸಾಕಾಯಿತು.

ದವಾಖಾನೆಯಲ್ಲಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಿಣಿ. ಕೋಳಿಯನ್ನು ಮೇಜಿನ ಮೇಲೆ ಹಿಡಿದು ಕೊಕ್ಕು ತಿರುಗಿಸಿ ನೋಡಿದಳು. ಇದು ಹುಟ್ಟಿನದು, ನೆಟ್ಟಗಾಗುವುದಿಲ್ಲ, ಬೆಳೆದಾಗೊಮ್ಮೆ ಸ್ವಲ್ಪ ಸ್ವಲ್ಪ ಅರದಿಂದ ತಿಕ್ಕಬೇಕು, ಕತ್ತರಿಸಬಾರದು ಎಂದು ಮರಾಠಿಯಲ್ಲಿ ಹೇಳಿ, ಹೇಗೆಂದು ತೋರಿಸಿದಳು. ಆಮೇಲೆ, ಏನು ತಿನ್ನಿಸುತ್ತೀರಿ ಎಂದು ಅವರನ್ನೇ ಕೇಳಿದಳು.

ಅವರು ಟವೆಲ್ಲಿನ ಒಳಗಿನಿಂದ ಏನೋ ಹೇಳಿದರು. ಅವಳಿಗೆ ತಿಳಿಯಲಿಲ್ಲ. ನಾನು ಬಾಯಿ ಹಾಕಲು ಹೋದೆ. ಅವಳು ನನ್ನ ಕಡೆ ತಿರುಗಲಿಲ್ಲ.

“ಸಾವಕಾಶ ಬೋಲಾ ಕಾಕಾ,” ಎಂದಳು. ನಿಧಾನ ಹೇಳಿ, ನನಗೇನೂ ಅವಸರವಿಲ್ಲ ಅನ್ನುವ ಹಾಗೆ.

ಅವರು ಟವೆಲ್ಲನ್ನು ಕೆಳಗೆ ಜಗ್ಗಿದರು. ಅವಳು ಮುಖ ನೋಡಿದಳು, ಕಣ್ಣು ತಪ್ಪಿಸಲಿಲ್ಲ. ಜೋಳ, ತೌಡು, ಹಿಂಡಿ ಎಂದು ಅವರು ಒಂದೊಂದೇ ಶಬ್ದ ಕಡಿದು ಕಡಿದು ಹೇಳಿದರು. ತಿಳಿಯದ್ದನ್ನು ಅವಳು ಮತ್ತೆ ಕೇಳಿದಳು. ಅವರು ಮತ್ತೆ ಹೇಳಿದರು. ಹೊರಗೆ ಎಮ್ಮೆಯೊಂದು ಒದರುತ್ತಿತ್ತು. ಅವರ ಮಾತು ಮುಗಿಯುವ ತನಕ ಅವಳು ಕೋಳಿಯ ಬೆನ್ನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು.

ಉದಗೀರದ ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿದೆವು. ಅವರು ಗೋಡೆಯ ಕಡೆ ಮುಖ ಮಾಡಲಿಲ್ಲ. ಚೆಲ್ಲಿತು, ಒರೆಸಿಕೊಂಡರು, ಮತ್ತೆ ಕುಡಿದರು. ಆ ದಿನದ ಹಾಗೆ ಇನ್ನು ಮುಂದಿನ ದಿನಗಳೂ ಇರುತ್ತವೆ ಎಂದುಕೊಂಡು ನಾನು ಬಸ್ಸಿನಲ್ಲಿ ನಿದ್ದೆ ಹೋದೆ.

ಮೊದಲ ಮಳೆ ಬಿದ್ದು ಹೊಲಗಳಲ್ಲಿ ಸೋಯಾ ಬಿತ್ತುವಾಗ ಅವರ ಕೊರಳಿನಲ್ಲಿ ಗಂಟು ಕಂಡಿತು. ಕೋಳಿಯ ಮುಖ ಒರೆಸುತ್ತಿದ್ದವರು ತಮ್ಮ ಕೊರಳನ್ನು ಸವರಿಕೊಂಡು ಹಾಗೇ ನಿಂತರು. ನನ್ನನ್ನು ಕರೆದು ಬೆರಳು ಹಿಡಿದು ಅದರ ಮೇಲೆ ಇಟ್ಟರು. ಹೊರಸಿನ ಕಾಲಿನಂತೆ ಗಟ್ಟಿ. ಸೊಲ್ಲಾಪುರದಲ್ಲಿ ಈ ಸಲ ಕತ್ತರಿಸುವ ಮಾತೇ ಬರಲಿಲ್ಲ. ಮನೆಯಲ್ಲಿಟ್ಟು ನೋಡಿಕೊಳ್ಳಿ ಅಂದರು. ನುಂಗಲು ಬಾರದಾದಾಗ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ ಕಳಿಸಿದರು. ದೊಡ್ಡ ಸಿರಿಂಜಿನಲ್ಲಿ ಹಾಲು, ಬೇಳೆಯ ಕಟ್ಟು ಹಿಡಿದು ನಾನು ಮೆಲ್ಲಗೆ ಇಳಿಸುತ್ತಿದ್ದೆ. ಬಾಯಿಗೆ ಇನ್ನು ಕೆಲಸವೇ ಇರಲಿಲ್ಲ.

ಅವರು ಮಲಗುವ ಹೊರಸನ್ನು ಹಿತ್ತಲ ಬಾಗಿಲ ಹತ್ತಿರ ಹಾಕಿದೆವು. ಕೋಳಿ ದಿನಾ ಮೆಟ್ಟಿಲ ಹತ್ತಿರ ಬಂದು ನಿಲ್ಲುತ್ತಿತ್ತು. ಅವರು ಹೊರಸಿನ ಮೇಲೆಯೇ ಒರಗಿ ಹಿಟ್ಟು ಕಲಸುತ್ತಿದ್ದರು. ಆಮೇಲೆ ಕಲಸುವ ಶಕ್ತಿಯೂ ಹೋಯಿತು. ನಾನು ಕಲಸಿ ಬಟ್ಟಲು ತೋರಿಸಿದರೆ, ಬೆರಳಿನಿಂದ ಮುಟ್ಟಿ ನೋಡಿ, ನೀರು ಹೆಚ್ಚಾಗಿದೆ ಎಂದು ಸನ್ನೆ ಮಾಡುತ್ತಿದ್ದರು.

ಆ ದಿನಗಳಲ್ಲೇ ಅದು ತತ್ತಿ ಇಟ್ಟಿತು. ಕಟ್ಟಿಗೆ ರಾಶಿಯ ಹಿಂದೆ, ಸಣ್ಣದು, ಒಂದು ಕಡೆ ರಕ್ತದ ಗೆರೆ. ಅದನ್ನು ಮೊದಲು ನೋಡಿದವರು ಅತ್ತೆ. ನನ್ನನ್ನು ಕೂಗಿ ಗೋಡೆಯಾಚೆ ಕೊಡು ಅನ್ನುತ್ತಾರೆ ಅಂದುಕೊಂಡೆ. ಆಕೆ ಬಗ್ಗಿ ಅದನ್ನು ಸೆರಗಿನಲ್ಲಿ ಎತ್ತಿಕೊಂಡರು. ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ನಿಂತರು.

“ಇದನ್ನ ಹ್ಯಾಂಗ ಮಾಡ್ತಾರ? ಕುದಸ್ತಾರೋ, ಹಸೀದೇ ಕೊಡ್ತಾರೋ?”

ನನಗೂ ಗೊತ್ತಿರಲಿಲ್ಲ.

“ಕೇಳಿ ಬಾ ಆಕೀಗಿ,” ಎಂದು ಗೋಡೆಯ ಕಡೆ ಗದ್ದ ಎತ್ತಿದರು. “ನಳಿಗ್ಯಾಗ ಇಳೀಬೇಕು, ಹಂಗ ಮಾಡೋದು ಕೇಳು.”

ಗೋಡೆಯಾಚೆಯ ಹೆಂಗಸು ಮೆತ್ತಗೆ ಕುದಿಸಿ ಬಿಸಿ ಹಾಲಿನಲ್ಲಿ ಅರೆದು ಸೋಸಲು ಹೇಳಿದಳು. ನಾನು ಹಾಗೇ ಮಾಡಿದೆ. ಸೆರಗು ಮೂಗಿಗೆ ಹಿಡಿದು ಅರೆದೆ. ಸಿರಿಂಜ್ ತೆಗೆದುಕೊಂಡು ಹೋದಾಗ ಅವರಿಗೆ ವಾಸನೆಯಿಂದಲೇ ತಿಳಿಯಿತು. ಕೈ ಅಡ್ಡ ತಂದು ತಾಯಿಯ ಕಡೆ ನೋಡಿದರು.

“ನನ್ನ ಮಾರಿ ಯಾಕ ನೋಡ್ತಿ? ನಾನೇ ಮಾಡಂದೀನಿ,” ಎಂದರು ಅತ್ತೆ. “ತಗೋ ನನ್ನಪ್ಪ. ಪಾಪ ಬಂದ್ರ ನನಗ ಬರ್ಲಿ.”

ಆಕೆ ಮಗನ ಕೈ ಕೆಳಗಿಳಿಸಿ ಹಿಡಿದುಕೊಂಡರು. ನಾನು ಇಳಿಸಿದೆ. ಅವರ ಕಣ್ಣಿನ ನೀರು ಹೊಲಿದ ಕೆನ್ನೆಯ ಗುಂಟ ಇಳಿದು ಟವೆಲ್ಲಿಗೆ ಸೇರಿತು. ಆಮೇಲೆ ಕೋಳಿ ತತ್ತಿ ಇಟ್ಟಾಗಲೆಲ್ಲ ಅತ್ತೆಯೇ ಕಟ್ಟಿಗೆಯ ಹಿಂದಿನಿಂದ ತಂದುಕೊಟ್ಟರು. ಅದರಿಂದ ಏನೂ ಆಗಲಿಲ್ಲ. ಹೊತ್ತು ಮೀರಿತ್ತು. ಅವರು ಶ್ರಾವಣ ಮುಗಿಯುವ ಮೊದಲೇ, ಮಳೆ ಹಿಡಿದ ಒಂದು ಮಧ್ಯಾಹ್ನ ತೀರಿಕೊಂಡರು.

ಹೊಲದಲ್ಲಿ ನಮ್ಮವರ ರೀತಿಯಂತೆ ಕೂಡಿಸಿ ಮಣ್ಣು ಮಾಡಿದೆವು. ಕ್ರಿಯೆಗಳು ಮುಗಿಯುವ ತನಕ ಅಯ್ಯನವರು, ಬೀಗರು ಬರುವ ಮನೆ. ಮೈದುನ ಕೋಳಿಯನ್ನು ಗೋಡೆಯಾಚೆ ಕೊಟ್ಟುಬಂದ. ಬಂದವರ ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಾಗ ನಿಲಂಗಾದಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಹೇಳುವುದು ಕೇಳಿಸಿತು: “ಬಾಯಿ ಹಂಗಿತ್ತಲ್ಲ ಅಂವಂದು, ಜೋಡಿಗಿ ಕೋಳೀನೂ ಅಂಥದ್ದೇ ಸಿಕ್ಕಿತ್ತಂತ.” ನಾನು ಕಪ್ಪು ತೊಳೆಯುತ್ತಲೇ ಇದ್ದೆ. ಅಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ, “ಚಹಾ ಕುಡದದ್ದು ಆಗಿದ್ರ ಏಳ್ರಿ, ಬಸ್ಸಿನ ಹೊತ್ತಾಯ್ತು,” ಎಂದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಎಲ್ಲ ಮುಗಿದ ಮೇಲೆ ಗೋಡೆಯಾಚೆಯ ಹೆಂಗಸು ಕೋಳಿಯನ್ನು ಎತ್ತಿಕೊಂಡು ಬಂದಳು. “ನನ್ನ ಕಡೀಂದ ಆಗವಲ್ದು ಬಾಯಿ. ಉಳದ ಕೋಳಿ ಕುಕ್ಕತಾವ ಇದಕ್ಕ. ನಾ ಹಿಟ್ಟ ಇಟ್ರ ಅವೇ ತಿಂದು ಹೋಗ್ತಾವ. ನೋಡ್ರಿ, ಹಗುರ ಆಗ್ಯಾದ.” ತಲೆಯ ಹಿಂದೆ ಗರಿ ಕಿತ್ತು ಗಾಯವಾಗಿತ್ತು.

ಮೈದುನ ಅದನ್ನು ಕೋಳಿ ಕೊಯ್ಯುವ ಖಾಟಿಕನಿಗೆ ಕೊಟ್ಟುಬಿಡೋಣ ಅಂದ. ತಪ್ಪು ಮಾತೇನಲ್ಲ. ಅವನು ಕೆಟ್ಟವನೂ ಅಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಅದರ ಮೇಲೆ ಪ್ರೀತಿ ಇರಲಿಲ್ಲ. ನಳಿಕೆಯ ಕೆಲಸದಿಂದ ಕೈಗಳು ಸೋತಿದ್ದವು. ಇನ್ನೊಂದು ಬಾಯಿಯನ್ನು ಒರೆಸುವ ಶಕ್ತಿ ನನ್ನಲ್ಲಿಲ್ಲ ಅನ್ನಿಸಿತ್ತು. ಆದರೂ ಹಿಟ್ಟು ನೆನೆಹಾಕಿದೆ.

ನನ್ನ ಕೈಯಿಂದ ಅದು ತಿನ್ನಲಿಲ್ಲ. ಬಟ್ಟಲು ಇಟ್ಟರೆ ಹೊರಸು ಇದ್ದ ಜಾಗದ ಕಡೆ ಹೋಗಿ ನಿಲ್ಲುತ್ತಿತ್ತು. ಹಿಡಿದು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಕೊಕ್ಕಿನ ಬದಿಗೆ ಹಿಟ್ಟು ಹಚ್ಚಿದೆ. ತಲೆ ಕೊಡವಿ ನನ್ನ ಸೀರೆಯ ಮೇಲೆಲ್ಲ ಸಿಡಿಸಿತು. ಸಿಟ್ಟು ಬಂತು. “ತಿನ್ನು, ಇಲ್ಲಾಂದ್ರ ಸಾಯಿ,” ಎಂದು ಗದರಿದೆ. ದೇವರ ಜಗಲಿಯ ಮುಂದೆ ಕೂತಿದ್ದ ಅತ್ತೆ, “ಹಂಗನಬ್ಯಾಡ,” ಎಂದಷ್ಟೇ ಹೇಳಿದರು. ಆಮೇಲೆ ಒಂದು ದಿನ ಹಸಿವಿಗೋ ಏನೋ ಮುಖ ಹುಗಿಯಿತು. ಅವರು ಹೇಳಿದ್ದ ಹದಕ್ಕೆ ಹಿಟ್ಟು ಕಲಸಲು ನನಗೂ ಬಂದಿತ್ತು.

ಚಳಿಗಾಲ ಹೀಗೆ ಕಳೆಯಿತು. ನಾನು ಅಂಗಡಿಯಲ್ಲಿ ಕೂಡತೊಡಗಿದೆ. ಹೆಣ್ಣು ಗಿರಾಕಿಗಳು ನನ್ನ ಹತ್ತಿರ ಬರುತ್ತಿದ್ದರು. ಮಧ್ಯಾಹ್ನ ಒಳಗೆ ಬಂದಾಗ ಒಮ್ಮೊಮ್ಮೆ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಕೋಳಿಯ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ಬೈಗುಳವೇ ಹೆಚ್ಚು. “ಎಷ್ಟ ಚೆಲ್ತಿ, ಖೋಡಿ. ಅಂವಾ ಇದ್ದಾಗ ಹಿಂಗೇ ಚೆಲ್ಲತಿದ್ದಿ ಏನು?” ಮುಟ್ಟುತ್ತಿರಲಿಲ್ಲ. ಆದರೆ ಬಿಸಿಲು ಸರಿದಂತೆ ಕೋಲಿನಿಂದ ಅದರ ಬಟ್ಟಲನ್ನು ನೆರಳಿಗೆ ನೂಕುತ್ತಿದ್ದರು.

ಬೇಸಿಗೆ ಬಂತು. ಆ ವರ್ಷದ ಬಿಸಿಲಿಗೆ ಹಿತ್ತಲ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಕಲಸಿದ ಹಿಟ್ಟು ಸ್ವಲ್ಪ ಹೊತ್ತಿಗೇ ಹುಳಿಯಾಗುತ್ತಿತ್ತು. ಕೋಳಿ ರೆಕ್ಕೆ ಬಿಚ್ಚಿ, ಸೊಟ್ಟ ಕೊಕ್ಕು ತೆರೆದು ತೇಕುತ್ತಿತ್ತು. ನೀರು ಕುಡಿಯಲು ಅದಕ್ಕೆ ಮೊದಲಿನಿಂದಲೂ ಕಷ್ಟವೇ. ನಾನು ಹಸಿ ಗೋಣಿ ಹಾಸಿದೆ, ಕೊಕ್ಕಿನ ಬದಿಯಿಂದ ಹನಿ ಹನಿ ನೀರು ಬಿಟ್ಟೆ. ಅದರ ಕೊರಳ ಚೀಲ ಮೆತ್ತಗೆ ಉಬ್ಬಿ ಹಾಗೇ ಉಳಿಯಿತು. ತಿಂದದ್ದು ಕೆಳಗೆ ಇಳಿಯುತ್ತಿರಲಿಲ್ಲ, ಬಾಯಿಯಿಂದ ಹುಳಿ ನಾತ. ಉದಗೀರಕ್ಕೆ ಒಯ್ಯಬೇಕೆಂದು ಕೈಚೀಲ ಹುಡುಕಿ ಇಟ್ಟೆ. ಬೆಳಗಿನ ಬಸ್ಸಿಗೆ ತಯಾರಾಗಿ ಬಂದು ನೋಡಿದರೆ ಕಟ್ಟಿಗೆ ರಾಶಿಯ ಪಕ್ಕ ಒಂದು ಬದಿಗೆ ಒರಗಿತ್ತು. ಎತ್ತಿಕೊಂಡೆ. ಮೊದಲ ಸಲ ಮುಟ್ಟಿದಾಗ ಇದ್ದ ಬಿಸಿ ಇರಲಿಲ್ಲ.

ನನಗೆ ಅಳು ಬಂದದ್ದು ನನಗೇ ಆಶ್ಚರ್ಯ. ಅವರು ಹೋದಾಗ ಮಂದಿಯ ನಡುವೆ ಅತ್ತಿದ್ದೆ, ಹೆಂಗಸರು ಹಿಡಿದುಕೊಂಡಿದ್ದರು. ಈಗ ಹಿಡಿಯುವವರು ಯಾರೂ ಇರಲಿಲ್ಲ, ಅಳು ನಿಲ್ಲಲೂ ಇಲ್ಲ. ಮೈದುನ ಬಂದು ನೋಡಿ, ಚೀಲದಲ್ಲಿ ಹಾಕಿಕೊಡು ವಹಿನಿ, ನಾಲೆಯ ಕಡೆ ಹೋಗುವಾಗ ಎಸೆದು ಬರುತ್ತೇನೆ ಅಂದ.

“ಎಸೀಬ್ಯಾಡ,” ಎಂದು ಅತ್ತೆ ಒಳಗಿನಿಂದ ಬಂದರು. “ನಾಯಿ ಎಳದಾಡ್ತಾವ. ಗೋಡಿ ಬುಡಕ ತೆಗ್ಗ ತೋಡು.”

ಅವನು ಮನಸ್ಸಿಲ್ಲದೆ ತೋಡಿದ. ಗಟ್ಟಿ ನೆಲ, ಬಹಳ ಆಳವಾಗಲಿಲ್ಲ. ನಾನು ಅಂಗಡಿಯಲ್ಲಿ ಉಳಿದಿದ್ದ ಮಾಂಜರಪಾಟು ಅರಿವೆಯ ತುಂಡಿನಲ್ಲಿ ಅದನ್ನು ಸುತ್ತಿ ಇಟ್ಟೆ. ಅತ್ತೆ ಸ್ನಾನ ಮಾಡಿ ಪೂಜೆಗೆ ಕೂತವರು ಆ ದಿನ ಬಹಳ ಹೊತ್ತು ಏಳಲಿಲ್ಲ. ಲಿಂಗ ಅಂಗೈಯಲ್ಲಿತ್ತು, ಕಣ್ಣು ಹಿತ್ತಲ ಕಡೆ ಇತ್ತು.

ಮಳೆ ಶುರುವಾದ ಮೇಲೆ ಒಂದು ದಿನ ಗೋಡೆಯಾಚೆಯ ಹೆಂಗಸು ನಮ್ಮನ್ನು ಕೂಗಿದಳು. ಅತ್ತೆಯೇ ಹೋದರು, ನಾನು ಹಿಂದೆ ನಿಂತೆ. ಆಕೆಯ ಅಂಗೈಯಲ್ಲಿ ಹಳದಿ ಮರಿ, ಚುರುಕಾಗಿ ಅವಳ ಬಳೆಯನ್ನು ಕುಕ್ಕುತ್ತಿತ್ತು.

“ಒಯ್ರಿ ಅಮ್ಮಾ, ನಿಮಗಂತೇ ತೆಗದಿಟ್ಟೀನಿ. ಖಾಲಿ ಅನಸ್ತದ ನಿಮ್ಮ ಅಂಗಳ. ಇದು ಚೊಲೊ ಅದ, ಚೋಂಚ್ ನೆಟ್ಟಗದ.”

ಅತ್ತೆ ಮರಿಯನ್ನು ನೋಡಿದರು. ಗೋಡೆಯ ಮೇಲೆ ಕೈ ಇಟ್ಟಿದ್ದರು, ಚಾಚಲಿಲ್ಲ.

“ಬ್ಯಾಡ ಬಾಯಿ,” ಎಂದರು. “ಇದು ತನ್ನದು ತಾ ತಿಂತದ.”

ಆಕೆ ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಿದಳು. ಅತ್ತೆ ಒಳಗೆ ಹೋದರು. ಹನಿ ಬೀಳತೊಡಗಿತ್ತು, ನಾನು ಒಣಗಲು ಹಾಕಿದ ಅರಿವೆಗಳನ್ನು ತೆಗೆದುಕೊಂಡೆ.